ಅರವತ್ತು ಮನೆಯ ಊರಿನಲ್ಲಿ ಒಂದು ದನಿ

ಗುಟ್ಟೆಮಾರನಹಳ್ಳಿಯ ಜನ ಪ್ರತಿಭಾಳ ಮುಖ ನೋಡುವುದಕ್ಕೆ ಎರಡು ವರ್ಷ ಮೊದಲೇ ಅವಳ ದನಿ ಕೇಳಿದ್ದರು. ಬಾಗಲೂರಿನಿಂದ ಎರಡು ಮೈಲಿ ಒಳಗೆ, ವಿಮಾನಗಳು ತಲೆಯ ಮೇಲೇ ಇಳಿಯುವಂತೆ ಕಾಣುವ ಕಡೆ ಇರುವ ಅರವತ್ತು ಮನೆಗಳ ಊರು ಅದು. ಯಾರದಾದರೂ ಪಿಂಚಣಿ ನಿಂತರೆ, ಬೀದಿದೀಪ ಕೆಟ್ಟರೆ, ಪಹಣಿಯಲ್ಲಿ ಹೆಸರು ತಪ್ಪಾದರೆ ಅಲ್ಲಿಯವರು ಒಂದು ನಂಬರಿಗೆ ಫೋನ್ ಮಾಡುತ್ತಿದ್ದರು. 'ಓಗೊಡು' ಅಂತ ಅದರ ಹೆಸರು. ಆ ಕಡೆಯಿಂದ ಒಬ್ಬ ಹೆಂಗಸು, "ನಮಸ್ಕಾರ ರೀ, ಹೇಳ್ರಿ, ನಿಮ್ಮ ತೊಂದರೆ ಏನು? ನಾನು ಕೇಳಿಸಿಕೊಳ್ತಾ ಇದೀನಿ" ಎನ್ನುತ್ತಿದ್ದಳು. ಅದು ಮೊದಲೇ ಹಿಡಿದಿಟ್ಟ ಮಾತೆಂದು ಎಲ್ಲರಿಗೂ ಗೊತ್ತು. ಆದರೂ ಕೆಲವರು "ನಮಸ್ಕಾರ ಕಣಮ್ಮ" ಎಂದು ಉತ್ತರ ಕೊಟ್ಟು, ಒಂದು ಗಳಿಗೆ ಕಾದು, ಆಮೇಲೆ ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರು.

ಫೆಬ್ರವರಿಯ ಒಂದು ಬೆಳಗ್ಗೆ ಪ್ರತಿಭಾ ಆ ಊರಿಗೆ ಬಂದದ್ದು ಕ್ಯಾಮೆರಾದವರನ್ನು ಕರೆದುಕೊಂಡು. ಮುಂದಿನ ವಾರ ಓಗೊಡು ಕಂಪನಿಯ ಹೆಬ್ಬಾಳದ ಆಫೀಸಿಗೆ ಹೊರದೇಶದಿಂದ ಹಣ ಹಾಕುವವರು ಬರುವವರಿದ್ದರು. ಅವರಿಗೆ ತೋರಿಸಲು ಮೂರು ನಿಮಿಷದ ಒಂದು ಚಿತ್ರ ಬೇಕಿತ್ತು. ಅದರಲ್ಲಿ ಹಳ್ಳಿಯ ಮುಖಗಳಿರಬೇಕು, ಆ ಮುಖಗಳಲ್ಲಿ ನಗು ಇರಬೇಕು. ಅರಳಿಕಟ್ಟೆಯ ಮುಂದೆ ನಲ್ಲಿ ಹತ್ತಿರ ನಿಂತಿದ್ದ ಹೆಂಗಸರಿಗೆ ಪ್ರತಿಭಾ, "ಸ್ವಲ್ಪ ಈ ಕಡೆ ನಿಂತ್ಕೋತೀರೇನ್ರಿ?" ಎಂದಳು.

ಕಟ್ಟೆಯ ಮೇಲೆ ಕುಳಿತು ಬಾಳೆನಾರಿನಲ್ಲಿ ದಂಟಿನ ಸೊಪ್ಪು ಕಟ್ಟುತ್ತಿದ್ದ ಒಬ್ಬ ಮುದುಕಿ ತಲೆಯೆತ್ತಿ ನೋಡಿದಳು. ಅರವತ್ತೈದು ದಾಟಿದ, ಸಣಕಲು ಮೈಯ ಹೆಂಗಸು.

"ನೀನೇ ಅಲ್ವಾ? ಫೋನ್‌ನಾಗೆ ಏಳ್ರಿ ಏಳ್ರಿ ಅನ್ನೋಳು?"

ಪ್ರತಿಭಾಳಿಗೆ ಹಿಗ್ಗಾಯಿತು. ಗದಗದ ಕಡೆ ರೋಣದವಳು ಅವಳು. ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿ ಇಲ್ಲಿಯ ಮಾತೇ ನಾಲಗೆಗೆ ಹತ್ತಿದ್ದರೂ ಆ 'ರೀ' ಮಾತ್ರ ಬಿಟ್ಟಿರಲಿಲ್ಲ. "ಹೌದಜ್ಜಿ, ನಾನೇ" ಎಂದಳು.

ಕ್ಯಾಮೆರಾದವನು, "ಮೇಡಂ, ಸೂಪರ್! ಇದನ್ನೇ ಇನ್ನೊಂದ್ಸಲ ಹೇಳ್ಸಿ" ಎಂದು ಓಡಿ ಬಂದ. ಮುದುಕಿ ಅವನತ್ತ ತಿರುಗಿಯೂ ನೋಡಲಿಲ್ಲ. ಸೊಪ್ಪನ್ನು ಅಲ್ಲೇ ಬಿಟ್ಟು, ಪ್ರತಿಭಾಳ ಮುಂಗೈ ಹಿಡಿದು, "ಬಾ ಇಲ್ಲಿ" ಎಂದು ಮನೆಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

ಅಲ್ಲಿ ಅವಳ ಹತ್ತು ಗುಂಟೆ ಜಮೀನಿತ್ತು. ಚಿಕ್ಕ ಚಿಕ್ಕ ಮಡಿಗಳಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ. ಅರ್ಧಕ್ಕರ್ಧ ಬಾಡಿ ಮಲಗಿತ್ತು. ಇನ್ನೊಂದು ತುದಿಯಲ್ಲಿ ಕಪ್ಪು ನೀರು ನಿಂತು ಗಬ್ಬು ನಾರುತ್ತಿತ್ತು. ಆಚೆಯ ದಿಬ್ಬದ ಮೇಲೆ ಹೊಸ ಲೇಔಟು. ಕಾಂಪೌಂಡು, ಕಮಾನು, ಒಳಗೆ ಒಂದೇ ಅಚ್ಚಿನ ಮನೆಗಳು.

"ನನ್ನೆಸ್ರು ಮುನಿವೆಂಕಟಮ್ಮ. ಕಾರ್ತೀಕದಾಗೆ ನಿಂಗೆ ಫೋನ್ ಮಾಡಿದ್ದೆ. ರಾಜಕಾಲುವೆ ಮುಚ್ಚಿ ಮನೆ ಕಟ್ಟೌರೆ, ಕೊಳಚೆ ನನ್ ಮಡೀಗೆ ಬುಟ್ಟೌರೆ ಅಂತ ಏಳ್ದೆ. ಇನ್ನೊಂದ್ ಮಾತೂ ಏಳ್ದೆ. ಸುಬ್ರಮಣಿಗೆ ಎಲೆಕ್ಷನ್‌ಗೆ ನಿಲ್ಬೇಕಂತೆ, ಮೊದ್ಲು ಅವ್ನ ಲೇಔಟಿನ ಕಕ್ಕಸ್ ನೀರು ಎಲ್ಲಿಗೋಯ್ತದೆ ನೋಡ್ಕೊಳ್ಳಲಿ ಅಂದೆ. ಅದುನ್ನ ನಿನ್ ಬುಟ್ಟು ಇನ್ಯಾರಿಗೂ ಏಳಿಲ್ಲ. ನನ್ ಸೊಸೆಗೂ ಏಳಿಲ್ಲ."

"ಆಮೇಲೆ?"

"ಎಂಟ್ ದಿನಕ್ಕೆ ಅವ್ನ ಕಡೆಯೋನು ಬಾಗಿಲಿಗೆ ಬಂದ. 'ನಮ್ಮಣ್ಣನ ಕಕ್ಕಸ್ ನೀರಿನ ಚಿಂತೆ ನಿಂಗ್ಯಾಕಜ್ಜಿ' ಅಂತ ನಕ್ಕ. ನಾನಾಡಿದ್ ಮಾತು ಅಂಗಂಗೇ! ಮಾರ್ನೇ ದಿನದಿಂದ ಪಕ್ಕದೊಲದ ಮುನಿಯಣ್ಣ ಬೋರಿನ್ ನೀರು ನಿಲ್ಸ್‌ಬುಟ್ಟ. ಇಪ್ಪತ್ತೊರ್ಷದಿಂದ ಬುಡ್ತಿದ್ದೋನು ಅವ್ನು. 'ಅಕ್ಕಾ, ನನ್ನ ಬೈಬ್ಯಾಡ, ಅವ್ರು ಬುಡಬ್ಯಾಡ ಅಂದೌರೆ' ಅಂತ ತಲೆ ತಗ್ಗಿಸ್ಕೊಂಡು ಓದ." ಮುದುಕಿ ಪ್ರತಿಭಾಳ ಮುಖವನ್ನೇ ದಿಟ್ಟಿಸಿದಳು. "ಏಳು ಅಂದೆ, ಏಳ್ದೆ. ನನ್ ಮಾತು ಅವ್ನ ಕಿವೀಗೆ ಎಂಗೋಯ್ತು?"

ಆ ದಿನ ಮುನಿವೆಂಕಟಮ್ಮನ ಚಿತ್ರ ತೆಗೆಯಲಿಲ್ಲ. ನಲ್ಲಿ ಹತ್ತಿರದ ಬೇರೆ ಹೆಂಗಸರು ನಕ್ಕರು, ಕ್ಯಾಮೆರಾದವರಿಗೆ ಅಷ್ಟು ಸಾಕಾಯಿತು.

ಆಫೀಸಿಗೆ ಮರಳುವ ದಾರಿಯುದ್ದಕ್ಕೂ ಪ್ರತಿಭಾಳಿಗೆ ಹಳೆಯದೆಲ್ಲ ನೆನಪಾಯಿತು. ಓಗೊಡು ಶುರುವಾದ ದಿನದಿಂದ ಅವಳು ಅಲ್ಲಿದ್ದಳು. ಮೂರು ವರ್ಷದ ಹಿಂದೆ ಆರ್.ಟಿ. ನಗರದಲ್ಲಿ, ಜಹೀರಾ ಎಂಬಾಕೆಯ ಟೈಲರಿಂಗ್ ಅಂಗಡಿಯ ಮೇಲಿನ ಒಂದೇ ಒಂದು ರೂಮು ಅವರ ಆಫೀಸು. ಕಂಪನಿ ಕಟ್ಟಿದ ಯಶವಂತ್ ಯಲಹಂಕದ ಹಳೆಯ ಒಕ್ಕಲು ಮನೆತನದವನು. ಅವನ ತಂದೆ ನರಸಿಂಹಯ್ಯ ಹೊಲಗಳನ್ನು ಸೈಟು ಮಾಡಿ ಮಾರಿ ಬಿಲ್ಡರ್ ಆದವರು. ಯಶವಂತನಿಗೆ ಸೈಟಿನ ವ್ಯವಹಾರ ಹಿಡಿಸಲಿಲ್ಲ. ವಿಧವಾ ಪಿಂಚಣಿಗೆಂದು ಅಲೆಯುವ ಮುದುಕಿಯರನ್ನು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ನೋಡಿ ನೋಡಿ, ಇವರು ಮನೆಯಲ್ಲೇ ಕೂತು ಹೇಳಿಕೊಳ್ಳುವಂತಾಗಬೇಕು ಎಂದುಕೊಂಡವನು. ಹಾಗೆ ಹೇಳುವಾಗ ಅವನ ಕಣ್ಣು ತೇವವಾಗುತ್ತಿತ್ತು. ಪ್ರತಿಭಾ ಶಾಲೆಯ ಕೆಲಸ ಬಿಟ್ಟು ಅವನ ಜೊತೆ ಸೇರಿದ್ದು ಆ ಕಣ್ಣು ನೋಡಿಯೇ. ಆಟೋಗಳ ಹಾರ್ನ್ ಸದ್ದು ಬರದಿರಲೆಂದು ಜಹೀರಾ ಕೊಟ್ಟ ರಜಾಯಿ ಹೊದ್ದುಕೊಂಡು, ಬೆವರುತ್ತ, ಅವಳು ಆ 'ನಮಸ್ಕಾರ ರೀ' ಹೇಳಿದ್ದಳು. ಹದಿನಾಲ್ಕನೆಯ ಸಲಕ್ಕೆ ಸರಿಯಾಗಿತ್ತು.

ಆಮೇಲೆ ಹಣ ಬಂತು, ಹೆಬ್ಬಾಳದ ಏಳನೇ ಮಹಡಿ ಬಂತು. ನಲವತ್ತು ಜನ ಬಂದರು. ಅವರಲ್ಲಿ ಅರ್ಧದಷ್ಟು ಜನಕ್ಕೆ ಕನ್ನಡ ಬರುತ್ತಿರಲಿಲ್ಲ, ಬರುತ್ತಿದ್ದವರಲ್ಲಿ ಹಳ್ಳಿಗೆ ಹೋದವರು ಕಡಿಮೆ. ಕಿಟಕಿಯಿಂದ ಕೆರೆಯೂ ಮೇಲ್ಸೇತುವೆಯೂ ಕಾಣುತ್ತಿದ್ದವು. ಅಲ್ಲಿಂದ ನೋಡಿದರೆ ಎಲ್ಲ ಚಿಕ್ಕದಾಗಿ, ಚೊಕ್ಕಟವಾಗಿ ಕಾಣುತ್ತಿತ್ತು.

ಆಫೀಸಿನಲ್ಲಿ ಪ್ರತಿಭಾ ನೇರವಾಗಿ ಮೋನಿಕಾಳ ಮೇಜಿಗೆ ಹೋದಳು. ದೂರುಗಳನ್ನು ಸೇರಿಸಿಡುವ ವ್ಯವಸ್ಥೆ ಬರೆದವಳು ಆ ಹುಡುಗಿ. ಚುರುಕು, ಒಳ್ಳೆಯ ಮನಸ್ಸಿನವಳು.

"ಗುಟ್ಟೆಮಾರನಹಳ್ಳಿ ದೂರು ಹೊರಗಿನವರು ಯಾರಾದ್ರೂ ಕೇಳ್ಬೋದಾ?"

"ಪಾರ್ಟ್‌ನರ್ಸ್ ಕೇಳ್ಬೋದು. ಆದ್ರೆ ಡೋಂಟ್ ವರಿ ಅಕ್ಕಾ, ಹೆಸರು ತೆಗೆದಿರ್ತೀವಿ, ಫೋನ್ ನಂಬರ್ ಮುಚ್ಚಿರ್ತೀವಿ. ಊರು, ವಯಸ್ಸು, ಗಂಡೋ ಹೆಣ್ಣೋ, ಆಮೇಲೆ ಆಡಿಯೋ. ಅಷ್ಟೇ. ಯಾರು ಅಂತ ಗೊತ್ತಾಗೋ ಚಾನ್ಸೇ ಇಲ್ಲ."

"ಆಡಿಯೋ ಇರುತ್ತಲ್ಲ ಮೋನಿಕಾ."

"ಹೌದು, ಬರೀ ಆಡಿಯೋ."

"ಅರವತ್ತು ಮನೆ ಊರದು. ಅಲ್ಲಿ ಕೆಮ್ಮಿದ್ರೆ ಸಾಕು, ಯಾರು ಅಂತ ಗೊತ್ತಾಗುತ್ತೆ."

ಮೋನಿಕಾ ಕೀಲಿಮಣೆಯ ಮೇಲಿಂದ ಕೈ ತೆಗೆದಳು. ಅವಳು ಹುಟ್ಟಿ ಬೆಳೆದದ್ದು ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ. ಎದುರು ಮನೆಯವರ ದನಿ ಹೇಗಿದೆ ಎಂದು ಕೇಳಿದ್ದರೆ ಹೇಳುತ್ತಿರಲಿಲ್ಲ. "ಅಯ್ಯೋ" ಎಂದಳು ಮೆಲ್ಲಗೆ. "ಇದು ನಮಗ್ಯಾರಿಗೂ ಹೊಳೀಲೇ ಇಲ್ಲ."

ಪಾರ್ಟ್‌ನರ್ ಯಾರೆಂದು ಮೋನಿಕಾಳಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಯಶವಂತನಿಗೆ. ಪ್ರತಿಭಾ ಅವನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹಣೆ ಉಜ್ಜಿಕೊಂಡ.

"ಹೋದ ವರ್ಷ ಹಣ ಹಾಕಿದ್ದ ಅಮೆರಿಕದವರು ಕೈ ಎತ್ತಿದ್ರಲ್ಲ, ನೆನಪಿದೆಯಾ? ಸರ್ಕಾರದವ್ರು ಕೆಲಸ ಒಪ್ಕೊಂಡ್ರು, ಹಣ ಬಿಡುಗಡೆ ಮಾಡ್ಲಿಲ್ಲ. ಆಗ ಅಪ್ಪ ಸುಬ್ರಮಣಿ ಅಂಕಲ್ನ ಕರ್ಕೊಂಡು ಬಂದ್ರು. ಅವರದ್ದೂ ಅಪ್ಪಂದೂ ಆ ಲೇಔಟಿನಲ್ಲಿ ಪಾಲಿದೆ. ಹಣ ಸಿಂಗಾಪುರದ ಒಂದು ಫಂಡಿಂದ ಬಂತು ಅಂತ ಕಾಗದಪತ್ರದಲ್ಲಿದೆ. ಅದು ಅವರದೇ ಹಣ, ಇಲ್ಲಿಂದ ಹೋಗಿ ಅಲ್ಲಿಂದ ಸುತ್ತಿ ಬಂದಿದ್ದು. ನಾನು ಅದನ್ನ ಕೆದಕೋಕೆ ಹೋಗ್ಲಿಲ್ಲ."

"ಅದಕ್ಕೆ ನೀವು ಜನರ ಮಾತು ಕೊಟ್ರಾ?"

"ವಾರಕ್ಕೊಂದು ರಿಪೋರ್ಟು. ಯಾವ ಊರಲ್ಲಿ ಯಾವ ಸಿಟ್ಟಿದೆ ಅಂತ. ಎಲೆಕ್ಷನ್‌ಗೆ ನಿಲ್ಲೋರಿಗೆ ಅದು ಬೇಕು. ಅವರು ಕೇಳಿಸ್ಕೊಂಡು ಸರಿ ಮಾಡ್ತಾರೆ ಅನ್ಕೊಂಡೆ. ನಿಜವಾಗ್ಲೂ ಅನ್ಕೊಂಡೆ ಪ್ರತಿಭಾ."

"ಮುದುಕಿಯ ನೀರು ನಿಲ್ಲಿಸಿದಾರೆ ಯಶವಂತ್."

ಅವನು ಕಿಟಕಿಯಾಚೆ ನೋಡಿದ. "ನಾನು ಮಾತಾಡ್ತೀನಿ. ಆದ್ರೆ ಈಗಲೇ ಬೇಡ. ಹೊರಗಿನವರು ಬಂದು ಹೋಗ್ಲಿ. ಅವರ ಹಣ ಬಂದ್ರೆ ಸುಬ್ರಮಣಿ ಅಂಕಲ್ನ ಕಳಚ್ಕೊಬೋದು." ಪ್ರತಿಭಾ ಎದ್ದಾಗ, ಬೇಡವೆನ್ನುತ್ತಲೇ ಬಾಯಿಂದ ಜಾರಿದಂತೆ, "ಹೋದ ವರ್ಷದಿಂದ ನಿಮ್ಮ ಸಂಬಳ ಎಲ್ಲಿಂದ ಬರ್ತಿತ್ತು ಅಂತ ಅನ್ಕೊಂಡಿದ್ರಿ?" ಎಂದ.

ಆ ಮಾತು ಅವಳಿಗೆ ತಟ್ಟಿತು. ಅವಳು ಎಂದೂ ಕೇಳಿರಲಿಲ್ಲ. ತಿಂಗಳ ಕೊನೆಗೆ ಹಣ ಬರುತ್ತಿತ್ತು, ಬಂದ ಹಣ ಒಳ್ಳೆಯ ಕೆಲಸಕ್ಕೆ ಬಂದದ್ದೆಂದು ತಿಳಿದಿದ್ದಳು.

ವಿದ್ಯಾರಣ್ಯಪುರದ ಮನೆಯಲ್ಲಿ ಅವಳ ಗಂಡ ಸಂಗಮೇಶ ರೊಟ್ಟಿ ಬಡಿಯುತ್ತಿದ್ದ. ಯಲಹಂಕದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವನು, ಮಾತು ಕಡಿಮೆ.

"ಯಾಕ, ಮಾರಿ ಸಣ್ಣ ಮಾಡ್ಕೊಂಡು ಬಂದೀ?"

ಅವಳು ಹೇಳಿದಳು. ಅವನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದ. "ಅದಿರ್ಲಿ. ಮಂದಿ ಹೇಳ್ಕೊಂಡಾರಲ್ಲ, ಅದ್ರಾಗ ಎಷ್ಟ್ ಮಂದೀದು ಬಗೀಹರದೈತಿ?"

"ಎಪ್ಪತ್ತೆಂಟು ಪರ್ಸೆಂಟ್. ಆಫೀಸಿನ ಗೋಡೆ ಮೇಲೆ ದೊಡ್ಡದಾಗಿ ಹಾಕೀವಿ."

"ಬಗೀಹರದೈತಿ ಅಂತ ಯಾರು ಹೇಳ್ತಾರ? ದೂರು ಕೊಟ್ಟವ್ರೋ, ನೀವೋ?"

ದೂರು ಸಂಬಂಧಪಟ್ಟ ಇಲಾಖೆಗೆ ಈಮೇಲ್ ಆಗಿ ಹೋದ ಕೂಡಲೇ ಅದರ ಮುಂದೆ ಹಸಿರು ಗುರುತು ಬೀಳುತ್ತಿತ್ತು. ಆ ಹಸಿರು ಗುರುತುಗಳ ಲೆಕ್ಕವೇ ಎಪ್ಪತ್ತೆಂಟು. ಅದು ಅವಳಿಗೆ ಗೊತ್ತಿದ್ದದ್ದೇ. ಆದರೆ ಗೊತ್ತಿದೆ ಎಂದು ಅವತ್ತಿನವರೆಗೆ ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಮರುದಿನ ಶನಿವಾರ. ಕನ್ನಡ ವಿಭಾಗದವಳಾದ್ದರಿಂದ ದೂರು ಕೊಟ್ಟವರಿಗೆ ಮರಳಿ ಕರೆ ಮಾಡುವ ಅನುಮತಿ ಅವಳಿಗಿತ್ತು. ಬೆಳಗ್ಗೆ ತಾರಸಿಯ ಮೇಲೆ ಚಾಪೆ ಹಾಸಿ ಕೂತು ಬಾಗಲೂರಿನ ಸುತ್ತಿನ ಹಳ್ಳಿಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. ಒಬ್ಬ ಮುದುಕ ಅವಳ ದನಿ ಕೇಳಿ, "ಅಮ್ಮಯ್ಯಾ, ನೀನು ತಿರ್‍ಗಾ ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ" ಎಂದು ಖುಷಿಪಟ್ಟು, ಹನ್ನೊಂದು ತಿಂಗಳಿಂದ ಬಾರದ ಪಿಂಚಣಿಯ ಕತೆಯನ್ನು ಮೊದಲಿಂದ ಶುರುಮಾಡಿದ. ಒಬ್ಬಳ ಮನೆಯಲ್ಲಿ ದೂರು ಕೊಟ್ಟಾಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ದೂರಿನ ಮುಂದೆಯೂ ಹಸಿರು ಗುರುತಿತ್ತು. ಸಂಜೆಯೊಳಗೆ ಮೂವತ್ತೊಂದು ಜನ ಮಾತಿಗೆ ಸಿಕ್ಕರು. ಅವರಲ್ಲಿ ಕೆಲಸ ಆಗಿದ್ದು ನಾಲ್ಕು ಜನರದು.

ಬುಧವಾರ ಹೊರಗಿನವರು ಬಂದರು. ಮೂವರು ಗಂಡಸರು, ಒಬ್ಬ ಹೆಂಗಸು. ಎಲ್ಲರೂ ಸಭ್ಯರು, ಹಸನ್ಮುಖಿಗಳು. ಬಾಳೆಲೆಯ ಮೇಲೆ ಊಟ ಹಾಕಿಸಿದ್ದರು. ಒಬ್ಬಾತ ರಾಗಿಮುದ್ದೆಯ ಫೋಟೋ ತೆಗೆದುಕೊಂಡ. ಸುಬ್ರಮಣಿಯೂ ಬಂದಿದ್ದ. ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ, ತುಂಬ ವಿನಯ. ಪ್ರತಿಭಾಳನ್ನು ಕಂಡು ಕೈಮುಗಿದು, "ನಿಮ್ಮ ವಾಯ್ಸ್ ದೇವ್ರು ಕೊಟ್ಟಿದ್ದು ಮೇಡಂ. ಜನ ಮನಸ್ಸು ಬಿಚ್ಚಿ ಮಾತಾಡ್ತಾರೆ" ಎಂದ. ಅವನ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಚಿತ್ರ ತೋರಿಸಿದರು. ನಲ್ಲಿಯ ಹತ್ತಿರದ ಹೆಂಗಸರು ಪರದೆಯ ಮೇಲೆ ನಕ್ಕರು. ಆಮೇಲೆ ಯಶವಂತ್ ಪ್ರತಿಭಾಳನ್ನು ಎಲ್ಲರ ಮುಂದೆ ಕರೆದು, "ಇವರೇ ಆ ದನಿ" ಎಂದ. ಚಪ್ಪಾಳೆಯಾಯಿತು. ಬಂದಿದ್ದ ಹೆಂಗಸು ಮುಂದಕ್ಕೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದಳು. "ಅವರು ನಿಮ್ಮ ಹತ್ತಿರ ಹೇಳಿಕೊಂಡ ಮೇಲೆ ಏನಾಗುತ್ತದೆ?"

ಇಂಥ ಪ್ರಶ್ನೆ ಯಾರಾದರೂ ಕೇಳಲೆಂದು ಪ್ರತಿಭಾ ನಾಲ್ಕು ದಿನದಿಂದ ಕಾದಿದ್ದಳು. "ಗೋಡೆಯ ಮೇಲಿನ ಅಂಕಿ ಸರಿಯಿಲ್ಲ" ಎಂದಳು. "ನಾನೇ ಮೂವತ್ತೊಂದು ಜನರಿಗೆ ಫೋನ್ ಮಾಡಿ ಕೇಳಿದೆ. ನಾಲ್ಕು ಜನರ ಕೆಲಸ ಆಗಿದೆ. ಒಬ್ಬಾಕೆ ದೂರು ಕೊಟ್ಟಿದ್ದಕ್ಕೆ ತೊಂದರೆಗೆ ಸಿಕ್ಕಿದ್ದಾಳೆ. ಅವಳ ದನಿಯನ್ನು ಬೇರೆಯವರಿಗೆ ಕೇಳಿಸಿದ್ದೇವೆ, ಅವರು ಗುರುತು ಹಿಡಿದಿದ್ದಾರೆ."

ಯಶವಂತ್ ಬಿಳಿಚಿಕೊಂಡ. ಸುಬ್ರಮಣಿ ತನ್ನ ಉಂಗುರ ತಿರುಗಿಸಿಕೊಳ್ಳುತ್ತ ಕೂತ. ಈಗ ಎಲ್ಲ ಕುಸಿಯುತ್ತದೆ ಎಂದುಕೊಂಡಳು ಪ್ರತಿಭಾ.

ಏನೂ ಕುಸಿಯಲಿಲ್ಲ. ಮೂವರಲ್ಲಿ ಹಿರಿಯನಾದವನು ಬೆರಳಲ್ಲೇ ಲೆಕ್ಕ ಹಾಕಿ, "ಹದಿಮೂರು ಪರ್ಸೆಂಟ್" ಎಂದ. "ಈ ದೇಶದ ಮಟ್ಟಿಗೆ ಶುರುವಿಗೆ ಇದು ಕೆಟ್ಟದ್ದೇನಲ್ಲ. ನಿಮ್ಮ ಪ್ರಾಮಾಣಿಕತೆ ನನಗೆ ಇಷ್ಟವಾಯಿತು." ದನಿಯ ವಿಷಯ ಸರಿಪಡಿಸಬಹುದಾದ ತಾಂತ್ರಿಕ ತೊಡಕು ಎಂದ ಇನ್ನೊಬ್ಬ. ಪ್ರಶ್ನೆ ಕೇಳಿದ ಹೆಂಗಸು ಮಾತ್ರ ಪ್ರತಿಭಾಳನ್ನು ಒಂದು ನಿಮಿಷ ನೋಡುತ್ತಲೇ ಇದ್ದಳು. ಆಮೇಲೆ ಅವಳೂ ತನ್ನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನ ಪುಟ ತಿರುವಿದಳು. ಎಷ್ಟು ಜಿಲ್ಲೆಗೆ, ಎಷ್ಟು ತಿಂಗಳಲ್ಲಿ ಎಂಬ ಮಾತು ಶುರುವಾಯಿತು. ಪ್ರತಿಭಾ ನಿಂತೇ ಇದ್ದಳು. ಯಾರೋ ಅವಳಿಗೊಂದು ಕುರ್ಚಿ ಸರಿಸಿಕೊಟ್ಟರು.

ಮಾರನೆಯ ದಿನ ಅವಳು ಕೆಲಸ ಬಿಟ್ಟಳು. ತನ್ನ ದನಿ ತೆಗೆದುಬಿಡಿ ಎಂದು ಬರೆದುಕೊಟ್ಟಳು. ಕಂಪನಿಯ ವಕೀಲರಿಂದ ಉತ್ತರ ಬಂತು: ದನಿ ಕಂಪನಿಯ ಸ್ವತ್ತು, ಅದು ಯಾವ ರೂಪದಲ್ಲಿದ್ದರೂ ಸರಿಯೇ ಎಂದು ಅವಳೇ ಮೂರು ವರ್ಷದ ಹಿಂದೆ ಸಹಿ ಮಾಡಿದ್ದಾಳೆ. ಹೌದು, ಮಾಡಿದ್ದಳು. ಓದಿರಲಿಲ್ಲ.

ಭಾನುವಾರ ಒಬ್ಬಳೇ ಬಸ್ಸು ಹತ್ತಿ, ಬಾಗಲೂರಿನಲ್ಲಿ ಇಳಿದು, ಗುಟ್ಟೆಮಾರನಹಳ್ಳಿಗೆ ನಡೆದು ಹೋದಳು. ಮುನಿವೆಂಕಟಮ್ಮನ ಸೊಸೆ ನಾಗಲಕ್ಷ್ಮಿ ಮನೆ ಮನೆಗೆ ಹೋಗಿ ಜನ ಕರೆದಳು. ಅರಳಿಕಟ್ಟೆಯ ಹತ್ತಿರ ನಲವತ್ತು ಜನ ಸೇರಿದರು. ಪ್ರತಿಭಾ ಆದದ್ದನ್ನೆಲ್ಲ ಹೇಳಿದಳು. ಹಣ ಯಾರದು, ಮಾತು ಯಾರಿಗೆ ಹೋಗುತ್ತಿತ್ತು, ಒಂದನ್ನೂ ಮುಚ್ಚಿಡಲಿಲ್ಲ. "ಇನ್ಮೇಲೆ ಆ ನಂಬರಿಗೆ ಹೇಳ್ಕೋಬೇಡ್ರಿ. ಹೇಳಿ ಅಂದವಳು ನಾನೇ. ನನ್ನದು ತಪ್ಪಾಯ್ತು."

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು. ಮೂಲೆಯಲ್ಲಿ ಕೂತಿದ್ದ ಒಬ್ಬ, "ಅದ್ಸರಿ, ಇಲ್ಲೂ ಏಳಬ್ಯಾಡಿ, ಅಲ್ಲೂ ಏಳಬ್ಯಾಡಿ ಅಂದ್ರೆ ಇನ್ನೆಲ್ಲಿ ಏಳಾನ?" ಎಂದ.

"ಬರೆದು ಕೊಡೋಣ" ಎಂದಳು ಪ್ರತಿಭಾ. "ಎಲ್ಲರ ಹೆಸರು ಹಾಕಿ. ತಾಲ್ಲೂಕು ಕಚೇರಿಗೆ, ಕೈಯಿಂದ ಕೈಗೆ. ಸ್ವೀಕೃತಿ ತಗೊಂಡು ಬರೋಣ."

"ಎಸ್ರು ಹಾಕಿದ್ರೆ ಸುಬ್ರಮಣಿಗೆ ಗೊತ್ತಾಗಾಕಿಲ್ವಾ?" ಎಂದ ಅವನೇ.

ಮುನಿವೆಂಕಟಮ್ಮ ಎದ್ದು ನಿಂತಳು. "ಗೊತ್ತಾಗ್ಲಿ. ಈಗ ನನ್ನೊಬ್ಳಿಂದು ಗೊತ್ತಾಯ್ತಲ್ಲ, ಅದಕ್ಕೇ ನೀರು ಓಯ್ತು. ಇಪ್ಪತ್ ಜನದ್ದು ಗೊತ್ತಾದ್ರೆ ಎಷ್ಟ್ ಬೋರು ನಿಲ್ಲಿಸ್ತಾನೆ?"

ಪ್ರತಿಭಾ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದಳು. ಸರ್ವೆ ನಂಬರು, ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು, ಯಾವ ವರ್ಷ ಮುಚ್ಚಿದರು ಎಂಬುದನ್ನು ಹತ್ತು ಜನ ಹತ್ತು ಕಡೆಯಿಂದ ಹೇಳಿ, ಜಗಳವಾಡಿ, ಕೊನೆಗೆ ಒಂದಕ್ಕೆ ಬಂದರು. ಇಪ್ಪತ್ಮೂರು ಜನ ಸಹಿ ಹಾಕಿದರು. ಎಲ್ಲರೂ ಎದ್ದ ಮೇಲೆ ಮುನಿಯಣ್ಣ ಬಂದ. ಪೆನ್ನು ಇಸಿದುಕೊಂಡು ಇಪ್ಪತ್ನಾಲ್ಕನೆಯವನಾಗಿ ಹೆಸರು ಬರೆದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮರುದಿನ ಬೆಳಗ್ಗೆ ಅವನ ಬೋರಿನ ನೀರು ಮುನಿವೆಂಕಟಮ್ಮನ ಮಡಿಗೆ ಬಂತು. ಅವಳು ಅವನಿಗೆ ಒಳ್ಳೆಯದಾಗಲಿ ಎನ್ನಲಿಲ್ಲ. ಮೂರು ತಿಂಗಳು ಒಳಗಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಬೇಲಿಯ ಈಚೆ ನಿಂತು ಬೈದು ಮುಗಿಸಿದಳಂತೆ.

ಕಚೇರಿಗೆ ಪ್ರತಿಭಾ ಏಳು ಸಲ ಅಲೆದಳು. ಎರಡು ಸಲ ನಾಗಲಕ್ಷ್ಮಿ ಜೊತೆಗೆ ಬಂದಳು. ಯಶವಂತ್ ಹಿಂದೆ ನೋಡಿದ್ದ ಅದೇ ಮೆಟ್ಟಿಲುಗಳು, ಅಂಥವೇ ಮುದುಕಿಯರು. ಆರು ವಾರದ ಮೇಲೆ ಸರ್ವೆಯವರು ದಿನ ಕೊಟ್ಟರು.

ಏಪ್ರಿಲ್ ತಿಂಗಳ ಬಿಸಿಲು. ಸರ್ವೆಯರ್ ಹಳೆಯ ನಕ್ಷೆಯನ್ನು ಜೀಪಿನ ಬಾನೆಟ್ ಮೇಲೆ ಹರಡಿದ್ದ. ಊರಿನವರು ಹೊಲದ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಲೇಔಟಿನ ಕಮಾನಿನ ಕೆಳಗೆ ಸುಬ್ರಮಣಿಯ ಕಡೆಯ ನಾಲ್ಕೈದು ಜನ ಕೈಕಟ್ಟಿ ನಿಂತಿದ್ದರು. ಅಷ್ಟರಲ್ಲಿ ಯಶವಂತನ ಕಾರು ಬಂತು. ಅವನು ಇಳಿದು, ಕಮಾನಿನ ಕಡೆಗೂ ಬದುವಿನ ಕಡೆಗೂ ನೋಡಿ, ಎತ್ತ ಹೋಗಬೇಕೆಂದು ತಿಳಿಯದವನಂತೆ ನಡುವೆ ನಿಂತ.

ಮುನಿವೆಂಕಟಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ನೀನು ನರಸಿಂಹಯ್ಯನ ಮಗ ಅಲ್ವಾ? ನಿಮ್ ತಾತ ಈ ಕಾಲುವೇಲೇ ಎತ್ತು ಮೈ ತೊಳೀತಿದ್ದ. ಸುಮ್ಕೆ ನಿಂತಿದ್ದೀಯಲ್ಲ, ಈ ತುದಿ ಇಡ್ಕೋ ಬಾ."

ಸರ್ವೆಯರನ ಟೇಪಿನ ತುದಿ ಅದು. ಕಮಾನಿನ ಕೆಳಗಿನವರು ನೋಡುತ್ತಿದ್ದರು. ಯಶವಂತ್ ಒಂದು ಗಳಿಗೆ ಅನುಮಾನಿಸಿ, ಬಂದು ಹಿಡಿದುಕೊಂಡ. ಅವನ ಬೂಟು ಕೊಳಚೆಯಲ್ಲಿ ಕಣಕಾಲಿನವರೆಗೆ ಹೂತುಹೋಯಿತು. ಹತ್ತು ನಿಮಿಷ ಹಾಗೇ ನಿಂತ. ಟೇಪು ಕಾಂಪೌಂಡು ದಾಟಿ ಲೇಔಟಿನ ಒಳಗೆ, ಕ್ಲಬ್ಬಿನ ಕಟ್ಟಡದ ಗೋಡೆಯವರೆಗೆ ಹೋಯಿತು. ಕಾಲುವೆ ಇದ್ದದ್ದು ಆ ಕಟ್ಟಡದ ಅಡಿಯಲ್ಲೇ. ಸರ್ವೆಯರ್ ಅದನ್ನು ಬರೆದುಕೊಂಡ. ಅಷ್ಟರಲ್ಲಿ ಯಶವಂತನ ಫೋನು ಹೊಡೆದುಕೊಂಡಿತು. ಅವನು ಹೆಸರು ನೋಡಿ, ಎತ್ತದೆ, ಟೇಪಿನ ತುದಿಯನ್ನು ನಾಗಲಕ್ಷ್ಮಿಯ ಕೈಗೆ ಕೊಟ್ಟು ರಸ್ತೆಯ ಕಡೆ ನಡೆದ. ಪ್ರತಿಭಾ ಅವನ ಹಿಂದೆ ಹೋದಳು.

"ಅಂಕಲ್ ಕಳಿಸಿದ್ದು" ಎಂದ ಅವನು, ಕಾರಿಗೆ ಒರಗಿ. "ನಿಮ್ಮನ್ನ ಸಮಾಧಾನ ಮಾಡು ಅಂತ. ಏನು ಹೇಳ್ಬೇಕೋ ನಂಗೇ ಗೊತ್ತಿಲ್ಲ."

"ಹೊರಗಿನವರ ಹಣ ಬಂತಾ?"

"ಬಂತು. ಆರು ಜಿಲ್ಲೆಗೆ ಹೋಗ್ತಿದೀವಿ. ಆಡಿಯೋ ಈಗ ಯಾರಿಗೂ ಕೊಡಲ್ಲ, ಬರಹ ಮಾತ್ರ. ಮೋನಿಕಾ ಹಠ ಹಿಡಿದು ಮಾಡಿಸಿದ್ಲು. ಸುಬ್ರಮಣಿ ಅಂಕಲ್ ಮಾತ್ರ..." ಅವನು ತಲೆಯಾಡಿಸಿದ. "ಅವರು ಹೋಗ್ಲಿಲ್ಲ. ಹೊಸಬರಿಗೆ ಅವರೇ ಬೇಕಂತೆ. ಲೋಕಲ್ ಸಪೋರ್ಟ್ ಅಂತೆ."

ಒಂದು ವಿಮಾನ ತಗ್ಗಿನಲ್ಲಿ ಹಾದುಹೋಯಿತು.

"ನಿಮ್ಮ ದನಿ ತೆಗೆಸಿದೆ" ಎಂದ ಯಶವಂತ್. "ಲಾಯರ್ ಬೇಡ ಅಂದ್ರು. ನಾನು ಕೇಳ್ಲಿಲ್ಲ. ಬೇರೆ ಹುಡುಗಿ ಮಾತಾಡ್ತಾಳೆ ಈಗ. ಕೋಲಾರದ ಕಡೆಯೋಳು, ರಾಧಾಮಣಿ ಅಂತ. ಚೆನ್ನಾಗಿ ಮಾತಾಡ್ತಾಳೆ."

ಪ್ರತಿಭಾಳಿಗೆ ಸಮಾಧಾನವಾಗಬೇಕಿತ್ತು. ಎಲ್ಲೋ ಒಂದು ಚಿಕ್ಕ ಕೋಣೆಯಲ್ಲಿ, ಒಳ್ಳೆಯ ಕೆಲಸ ಸಿಕ್ಕಿತೆಂದು ಹಿಗ್ಗುತ್ತ, ಹತ್ತು ಹದಿನೈದು ಸಲ ಅದೇ ಮಾತು ಹೇಳಿರಬಹುದಾದ ಹುಡುಗಿ ಅವಳ ಕಣ್ಣ ಮುಂದೆ ಬಂದಳು.

"ಅವಳಿಗೆ ಇದನ್ನೆಲ್ಲ ಹೇಳಿದೀರಾ?"

ಅವನು ಬೂಟಿಗೆ ಅಂಟಿದ ಕೊಳಚೆಯನ್ನು ನೆಲಕ್ಕೆ ಉಜ್ಜಿದ.

"ಅವಳ ನಂಬರ್ ಕೊಡಿ."

"ಅದ್ಹೇಗೆ ಪ್ರತಿಭಾ, ಒಬ್ಬರ ನಂಬರ್ ಅವರನ್ನ ಕೇಳ್ದೆ ಹಾಗೆಲ್ಲ ಕೊಡೋಕಾಗಲ್ಲ..."

ಹೇಳುತ್ತ ಹೇಳುತ್ತ ಅವನ ಮಾತು ನಿಂತಿತು. ಕಿವಿಯವರೆಗೆ ಕೆಂಪೇರಿತು. ಬದುವಿನ ಮೇಲೆ ನಿಂತಿದ್ದ ಮುದುಕಿಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ.

ಕೊನೆಗೆ ಅವನೇ ಫೋನ್ ತೆಗೆದ. "ನಾನು ಈಗ್ಲೇ ಅವಳಿಗೆ ಮಾಡ್ತೀನಿ. ಪ್ರತಿಭಾ ಮಾತಾಡ್ಬೇಕಂತೆ, ಮಾತಾಡ್ತೀಯಾ ಅಂತ ಕೇಳ್ತೀನಿ. ಹೂಂ ಅಂದ್ರೆ ನಿಮ್ಮ ಕೈಗೆ ಕೊಡ್ತೀನಿ."

"ಕೇಳಿ" ಎಂದಳು ಪ್ರತಿಭಾ.

ಅತ್ತ ಸರ್ವೆಯರ್ ಹೇಳಿಕೆ ಬರೆದುಕೊಳ್ಳಲು ಅವಳನ್ನು ಕೂಗುತ್ತಿದ್ದ. ಒಂದು ನಿಮಿಷ ಎಂದು ಅವಳು ಕೈಸನ್ನೆ ಮಾಡಿದಳು. ಯಶವಂತ್ ಕಿವಿಗಿಟ್ಟುಕೊಂಡ ಫೋನಿನಲ್ಲಿ ರಾಧಾಮಣಿಯ ನಂಬರು ರಿಂಗಾಗತೊಡಗಿತ್ತು.